ಸಮುದಾಯ ಆರೋಗ್ಯವನ್ನೇ ವೃತ್ತಿಯಾಗಿ ಹಿಡಿಯುವ ಮುನ್ನ ಏನನ್ನು ತಿಳಿದಿರಬೇಕು?

ಪ್ರಶ್ನೆ: ವಾರ್ಡ್ ನರ್ಸ್

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲವು ವರ್ಷಗಳಿಂದ ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆಲಸ ಕೈಗೆ ಹತ್ತಿದೆ, ಜೊತೆಯವರು ಒಳ್ಳೆಯವರು, ಸಂಬಳದ ಬಗ್ಗೆಯೂ ತಕರಾರಿಲ್ಲ. ಆದರೂ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ. ತೀವ್ರ ಅಪೌಷ್ಟಿಕತೆಯಿಂದಲೋ ನ್ಯುಮೋನಿಯಾದಿಂದಲೋ ದಾಖಲಾಗಿ, ಚೇತರಿಸಿಕೊಂಡು, ಡಿಸ್ಚಾರ್ಜ್ ಆಗಿ ಹೋದ ಮಗುವೇ ಕೆಲವು ತಿಂಗಳ ಬಳಿಕ ಮೊದಲಿಗಿಂತಲೂ ಸೊರಗಿ ಮರಳಿ ಬರುತ್ತದೆ. ಅದು ಹೋಗಿ ಸೇರಿದ ಮನೆ ಎಂಥದ್ದು, ಅಲ್ಲಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ತಾಯಿ ಕೂಲಿಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಯಾವ ಸಂಗತಿಯೂ ನಮ್ಮ ಕೇಸ್ ಶೀಟಿನಲ್ಲಿ ಇರುವುದಿಲ್ಲ. ಕೇಳಿ ಬರೆದುಕೊಂಡರೂ ಅದನ್ನು ಏನು ಮಾಡಬೇಕೆಂದು ವಾರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ.

ಆರೋಗ್ಯ ವ್ಯವಸ್ಥೆ ಸರಿಯಾಗಿ ತಲುಪದ ಜನರ ನಡುವೆ ಕೆಲಸ ಮಾಡುವುದನ್ನೇ ವೃತ್ತಿಯಾಗಿ ಹಿಡಿಯಬೇಕೆಂಬ ಯೋಚನೆ ಹೀಗೆ ಹುಟ್ಟಿತು. ಆದರೆ ಈ ಬಗ್ಗೆ ಯಾರನ್ನು ಕೇಳಿದರೂ ಎರಡೇ ಬಗೆಯ ಮಾತು ಬರುತ್ತದೆ. ಕೆಲವರು ಎಂಥ ದೊಡ್ಡ ಮನಸ್ಸು ಎಂದು ಹೊಗಳುತ್ತಾರೆ, ಉಳಿದವರು ಇದ್ದ ಕೆಲಸ ಬಿಟ್ಟು ಯಾಕೆ ಹಾಳಾಗುತ್ತೀಯ ಎಂದು ಗದರುತ್ತಾರೆ. ಎರಡರಿಂದಲೂ ನನಗೆ ದಾರಿ ಕಂಡಿಲ್ಲ. ಮೊದಲು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಿ ಆಮೇಲೆ ಹೋಗಬೇಕೇ, ಅಥವಾ ಮೊದಲು ಕ್ಷೇತ್ರಕ್ಕೆ ಇಳಿಯಬೇಕೇ? ವಾರ್ಡಿನಲ್ಲಿ ಪಳಗಿದ ಕೈ ಅಲ್ಲಿ ಮೊಂಡಾಗುವುದಿಲ್ಲವೇ? ಹತ್ತು ವರ್ಷಗಳ ಬಳಿಕವೂ ಮೇಲೇರಲು ಮೆಟ್ಟಿಲುಗಳಿವೆಯೇ, ಇಲ್ಲವೇ ಸೇರಿದ ಹುದ್ದೆಯಲ್ಲೇ ನಿವೃತ್ತಿಯೇ? ನಿಜವಾಗಿ ಕೆಲಸ ಮಾಡುವ ಸಂಸ್ಥೆಯನ್ನೂ ಬರೀ ವರದಿ ಬರೆಯುವ ಸಂಸ್ಥೆಯನ್ನೂ ಹೊರಗಿನಿಂದ ನೋಡಿ ಬೇರ್ಪಡಿಸುವುದು ಹೇಗೆ? ಹುಮ್ಮಸ್ಸು ತುಂಬುವ ಮಾತಿಗಿಂತ ಕೆಲಸದ ವಿವರ ಸಿಕ್ಕರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಕ್ಷೇತ್ರ ಮೇಲ್ವಿಚಾರಕ

ನಮಸ್ಕಾರ ಮೇಡಂ. ನೀವು ಬರೆದಿರುವ ಆ ಮಗುವಿನಿಂದಲೇ ಆರಂಭಿಸುತ್ತೇನೆ. ಮರಳಿ ಬಂದ ಮಗು ನಿಮ್ಮ ಕಣ್ಣಿಗೆ ಬಿತ್ತು, ಆದ್ದರಿಂದ ನಿಮಗೆ ನೋವಾಯಿತು. ಅದೇ ಬೀದಿಯಲ್ಲಿ ಅಷ್ಟೇ ಸೊರಗಿದ, ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತದ ಮಕ್ಕಳು ಎಷ್ಟಿದ್ದಾರೆ ಎಂಬ ಪ್ರಶ್ನೆಗೆ ವಾರ್ಡಿನಲ್ಲಿ ಕುಳಿತು ಉತ್ತರ ಹೇಳಲಾಗುವುದಿಲ್ಲ, ಹಾಗೆ ಹೇಳಬೇಕೆಂದು ಆಸ್ಪತ್ರೆಯನ್ನು ಯಾರೂ ಕೇಳುವುದೂ ಇಲ್ಲ. ಸಮುದಾಯ ಆರೋಗ್ಯಕ್ಕೆ ಬಂದವರ ಮೇಲೆ ಬೀಳುವ ಮೊದಲ ಹೊಣೆಯೇ ಅದು. ನಿಮಗೆ ಇಷ್ಟು ಮನೆ, ಇಷ್ಟು ಜನ ಎಂದು ಒಂದು ಗಡಿ ಹಾಕಿಕೊಡಲಾಗುತ್ತದೆ. ಅದರೊಳಗೆ ಬಂದವರು, ಬಾರದವರು, ಬರಲು ಒಪ್ಪದವರು ಎಲ್ಲರೂ ನಿಮ್ಮ ಲೆಕ್ಕದಲ್ಲೇ ಇರುತ್ತಾರೆ. ಸಂಬಳ, ಪದವಿ, ಊರು ಇವೆಲ್ಲಕ್ಕಿಂತ ಈ ವ್ಯತ್ಯಾಸವೇ ನಿಮ್ಮ ದಿನಚರಿಯನ್ನು ಹೆಚ್ಚು ಬದಲಾಯಿಸುತ್ತದೆ.

ಇದು ಇಂದಿನ ಯೋಚನೆಯಲ್ಲ. ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ 1940ರಲ್ಲಿ ದಕ್ಷಿಣ ಆಫ್ರಿಕಾದ ಪೊಲೇಲಾದಲ್ಲಿ ಆರೋಗ್ಯ ಕೇಂದ್ರ ತೆರೆದಾಗ, ರೋಗಿಗಳ ಸಾಲಿನ ಜೊತೆಗೆ ಸುತ್ತಲಿನ ಮನೆಗಳ ಪಟ್ಟಿಯನ್ನೂ ಇಟ್ಟುಕೊಂಡರು. ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ, ಈ ವರ್ಷ ಹುಟ್ಟಿದವರು ಸತ್ತವರು ಯಾರು ಎಂಬುದನ್ನು ಮನೆ ಮನೆಗೆ ಹೋಗಿ ಬರೆದುಕೊಂಡು, ಆ ಪ್ರದೇಶವನ್ನು ವರ್ಷ ವರ್ಷವೂ ಹಿಗ್ಗಿಸುತ್ತ ಹೋದರು. ವಿದ್ಯಾರ್ಥಿಯಾಗಿ ಅಲ್ಲಿಗೆ ಹೋಗಿ ಕಲಿತ ಅಮೆರಿಕದ ವೈದ್ಯ ಜ್ಯಾಕ್ ಗೈಗರ್ 1960ರ ದಶಕದಲ್ಲಿ ತಮ್ಮ ದೇಶದ ಮಿಸಿಸಿಪ್ಪಿ ಸೀಮೆಯ ಬಡ ಕಪ್ಪು ಜನರ ನಡುವೆ ಇಂಥದೇ ಕೇಂದ್ರ ಕಟ್ಟಿದರು. ಅಲ್ಲಿ ಸೊರಗಿದ ಮಕ್ಕಳಿಗೆ ಆಹಾರವನ್ನೇ ಔಷಧಿ ಚೀಟಿಯಲ್ಲಿ ಬರೆದುಕೊಟ್ಟು, ಅದರ ಖರ್ಚನ್ನು ಔಷಧಾಲಯದ ಲೆಕ್ಕಕ್ಕೆ ಹಾಕಿದರು. ಹಣ ಕೊಟ್ಟ ಅಧಿಕಾರಿಗಳು ಆಕ್ಷೇಪಿಸಿದಾಗ, ಅಪೌಷ್ಟಿಕತೆಗೆ ವೈದ್ಯಕೀಯ ಪುಸ್ತಕದಲ್ಲಿ ಹೇಳಿರುವ ಚಿಕಿತ್ಸೆ ಆಹಾರವೇ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಅದೇ ಕೇಂದ್ರ ಬಾವಿ ತೋಡಿಸುವ, ಶೌಚಾಲಯ ಕಟ್ಟಿಸುವ ಕೆಲಸಕ್ಕೂ ಕೈ ಹಾಕಿತು. ನಿಮ್ಮ ಕೇಸ್ ಶೀಟಿನಲ್ಲಿ ಜಾಗವಿಲ್ಲದ ಸಂಗತಿಗಳಿಗೆ ಅಲ್ಲಿ ಸಿಬ್ಬಂದಿಯೇ ಇದ್ದರು.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ವೇಲ್ಸ್‌ನ ಕಲ್ಲಿದ್ದಲು ಗಣಿಯ ಹಳ್ಳಿಯೊಂದರಲ್ಲಿ ದಶಕಗಳ ಕಾಲ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಮಾತು ಬರೆದರು: ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಕಡಿಮೆ ಸಿಗುತ್ತದೆ. ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದೇ ವೈದ್ಯರು ತಮ್ಮ ಹಳ್ಳಿಯ ವಯಸ್ಕರ ಬಿಪಿಯನ್ನು, ಯಾವ ತೊಂದರೆಯೂ ಇಲ್ಲವೆಂದವರನ್ನೂ ಬಿಡದೆ, ಒಬ್ಬೊಬ್ಬರದಾಗಿ ಅಳೆದು ಪಟ್ಟಿ ಪೂರ್ತಿ ಮಾಡಿದರೆಂಬುದನ್ನು ಕಡಿಮೆ ಜನ ಹೇಳುತ್ತಾರೆ. ನನ್ನ ಪ್ರಕಾರ ವೃತ್ತಿ ಇರುವುದು ಆ ಎರಡನೆಯ ಕೆಲಸದಲ್ಲಿ. ಪಟ್ಟಿಯ ಮುಕ್ಕಾಲು ಪಾಲು ತಾನಾಗಿಯೇ ತುಂಬುತ್ತದೆ. ಉಳಿದ ಕಾಲು ಪಾಲಿನಲ್ಲಿ ಇರುವವರು ಹಗಲು ಮನೆಯಲ್ಲಿ ಸಿಗದವರು, ಕುಡಿತದವರು, ಊರಿನವರು ಮಾತನಾಡಿಸದ ಮನೆಯವರು, ಕೆಲಸ ಹುಡುಕಿಕೊಂಡು ತಿಂಗಳಿಗೊಂದು ಕಡೆ ಇರುವವರು. ಕಾಯಿಲೆ ಹೆಚ್ಚಾಗಿ ಅಡಗಿರುವುದೂ ಅವರಲ್ಲೇ.

ಕೈ ಮೊಂಡಾಗುವುದಿಲ್ಲವೇ ಎಂದು ಕೇಳಿದ್ದೀರಿ. ಐವಿ ಹಾಕುವ, ವೆಂಟಿಲೇಟರ್ ನೋಡಿಕೊಳ್ಳುವ ಅಭ್ಯಾಸ ಖಂಡಿತ ತಪ್ಪುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಂತ್ರವಿಲ್ಲದೆ ರೋಗಿಯನ್ನು ನೋಡುವ ಕಣ್ಣು ತೆರೆಯುತ್ತದೆ. ಒಂದೇ ಉದಾಹರಣೆ ಕೊಡುತ್ತೇನೆ. ಕೆಮ್ಮುತ್ತಿರುವ ಮಗುವಿನ ಉಸಿರು ಎಣಿಸುವುದು ಬಹಳ ಸುಲಭ ಎಂದು ಹೊಸಬರೆಲ್ಲ ತಿಳಿಯುತ್ತಾರೆ. ಮಗು ತಾಯಿಯ ಮಡಿಲಲ್ಲಿ ಸುಮ್ಮನಿರಬೇಕು, ಅಂಗಿ ಮೇಲೆತ್ತಿ ಹೊಟ್ಟೆ ಎದೆ ಕಾಣುವಂತಿರಬೇಕು, ಬೆಳಕು ಬೀಳಬೇಕು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಾದರೆ 50, ಒಂದರಿಂದ ಐದು ವರ್ಷದ ಮಗುವಾದರೆ 40, ಎರಡು ತಿಂಗಳಿಗಿಂತ ಎಳೆಯದಾದರೆ 60. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ. ನಡುವೆ ಮಗು ಅತ್ತರೆ ಮತ್ತೆ ಮೊದಲಿನಿಂದ. ಬೇಸತ್ತವರು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುತ್ತಾರೆ. ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲವಾದ್ದರಿಂದ ಆ ಲೆಕ್ಕ ಎರಡೂ ಕಡೆಗೆ ತಪ್ಪಬಹುದು.

ಎಣಿಸಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ನೀವು ಹೇಳುತ್ತೀರಿ. ಗಂಡ ಬರಲಿ ಎಂದು ತಾಯಿ ಹೇಳುತ್ತಾಳೆ. ಹೊರಡಲು ಒಪ್ಪಿದರೆ ವಾಹನವಿಲ್ಲ, ವಾಹನ ಸಿಕ್ಕಿ ಹೋದರೆ ಅಲ್ಲಿ ವೈದ್ಯರಿಲ್ಲ. ತಾಯಂದಿರ ಮರಣವನ್ನು ಅಧ್ಯಯನ ಮಾಡಿದ ಥಡಿಯಸ್ ಮತ್ತು ಮೇನ್ 1994ರಲ್ಲಿ ಮೂರು ವಿಳಂಬಗಳೆಂದು ಗುರುತಿಸಿದ್ದು ಇವನ್ನೇ: ನಿರ್ಧಾರದಲ್ಲಿ, ದಾರಿಯಲ್ಲಿ, ಆಸ್ಪತ್ರೆಯಲ್ಲಿ. ನೀವು ಈಗ ಮೂರನೆಯದನ್ನು ಮಾತ್ರ ನೋಡುತ್ತಿದ್ದೀರಿ. ಅದನ್ನು ಒಳಗಿನಿಂದ ಬಲ್ಲವರು ಮೊದಲ ಎರಡರ ಮೇಲೆ ಕೆಲಸ ಮಾಡಿದರೆ ಬಹಳ ಪ್ರಯೋಜನವಿದೆ. ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ಯಾವ ಹೊತ್ತಿನಲ್ಲಿ ಯಾರು ಕರ್ತವ್ಯದಲ್ಲಿರುತ್ತಾರೆ, ಯಾರಿಗೆ ಮೊದಲೇ ಫೋನ್ ಮಾಡಿದರೆ ಹಾಸಿಗೆ ಸಿಗುತ್ತದೆ ಎಂಬ ತಿಳಿವಳಿಕೆ ಯಾವ ಕೋರ್ಸಿನಲ್ಲೂ ಇಲ್ಲ, ನಿಮ್ಮಲ್ಲಿದೆ.

ಉತ್ತರ 2: ಸಾರ್ವಜನಿಕ ಆರೋಗ್ಯ ಬೋಧಕಿ

ಎಂಪಿಎಚ್ ಬಗ್ಗೆ ಮಾತ್ರ ಬರೆಯುತ್ತೇನೆ, ಉಳಿದದ್ದನ್ನು ಮೇಲಿನ ಹಿರಿಯರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಪದವಿ ಬೇಕು, ಆದರೆ ಎರಡನೆಯದಾಗಿ. ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಕ್ಷೇತ್ರ ನೋಡಿ ಬಂದವರನ್ನೂ ನೇರವಾಗಿ ಬಂದವರನ್ನೂ ಮೊದಲ ತಿಂಗಳಲ್ಲೇ ಗುರುತಿಸಬಹುದು. ಒಂದು ಪ್ರದೇಶದಲ್ಲಿ ನೂರಕ್ಕೆ ತೊಂಬತ್ತು ಮಕ್ಕಳಿಗೆ ಲಸಿಕೆ ಆಗಿದೆ ಎಂಬ ಕೋಷ್ಟಕವನ್ನು ಮುಂದಿಟ್ಟರೆ, ನೇರವಾಗಿ ಬಂದವರು ಉಳಿದ ಹತ್ತಕ್ಕೆ ಕಾರಣ ಹುಡುಕಲು ತೊಡಗುತ್ತಾರೆ. ಕ್ಷೇತ್ರ ನೋಡಿದವರು ಆ ನೂರು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿ ಇರುವ, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದ ಮಕ್ಕಳು ಆ ನೂರರೊಳಗೆ ಸೇರಿರುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಹಾಗಾದರೆ ಪದವಿ ಏನು ಕೊಡುತ್ತದೆ? ಆ ಅನುಮಾನವನ್ನು ಲೆಕ್ಕವಾಗಿ ಮಾಡುವ ವಿದ್ಯೆಯನ್ನು ಕೊಡುತ್ತದೆ. ರಿಜಿಸ್ಟರನ್ನು ನಂಬದೆ ಲಸಿಕೆಯ ಪ್ರಮಾಣ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಬಳಸಿದ ವಿಧಾನವನ್ನೇ ನೋಡಿ. ಜನಸಂಖ್ಯೆಗೆ ಅನುಗುಣವಾಗಿ 30 ಗುಂಪುಗಳನ್ನು (ಹಳ್ಳಿ ಅಥವಾ ಬಡಾವಣೆಗಳನ್ನು) ಆರಿಸಿ, ಒಂದೊಂದರಲ್ಲೂ 7 ಮಕ್ಕಳಂತೆ 210 ಮಕ್ಕಳನ್ನು ಮನೆಗೆ ಹೋಗಿ ನೋಡುವುದು. ಯಾವ ಮನೆಯಿಂದ ಆರಂಭಿಸಬೇಕು, ಬಾಗಿಲು ಹಾಕಿದ್ದರೆ ಏನು ಮಾಡಬೇಕು, ಬಂದ ಉತ್ತರದಲ್ಲಿ ಎಷ್ಟು ಏರುಪೇರು ಇರಬಹುದು ಎಂಬುದನ್ನು ಕಲಿತವರು ಮಾತ್ರ ಆ ಸಂಖ್ಯೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ನಿಲ್ಲಬಲ್ಲರು. ಇದಲ್ಲದೆ ಕಾರ್ಯಕ್ರಮ ನಿರ್ವಹಣೆ, ಮೌಲ್ಯಮಾಪನ, ನೀತಿ ರೂಪಿಸುವ ಹುದ್ದೆಗಳಿಗೆ ಪದವಿಯಿಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ನೀವು ಕೇಳಿದ ಮೆಟ್ಟಿಲುಗಳ ಪ್ರಶ್ನೆಗೆ ನನ್ನ ಉತ್ತರ ಇದು: ಮೊದಲ ಎರಡು ಮೆಟ್ಟಿಲನ್ನು ಅನುಭವದಿಂದ ಹತ್ತಬಹುದು, ಅಲ್ಲಿಂದ ಮುಂದೆ ಕಾಗದ ಕೇಳುತ್ತಾರೆ.

ಎಂಪಿಎಚ್ ಒಂದೇ ದಾರಿ ಎಂದೂ ತಿಳಿಯಬೇಡಿ. ನರ್ಸಿಂಗ್‌ನಲ್ಲೇ ಸಮುದಾಯ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ, ರೋಗಿಯನ್ನು ಮುಟ್ಟಿ ನೋಡುವ ಕೆಲಸ ಬಿಡಲು ಮನಸ್ಸಿಲ್ಲದವರಿಗೆ ಅದು ಹೆಚ್ಚು ಹೊಂದುತ್ತದೆ. ಯಾವುದಾದರೂ ಆಗಲಿ, ಪಠ್ಯಕ್ರಮದಲ್ಲಿ ಎಪಿಡೆಮಿಯಾಲಜಿ (ರೋಗ ಜನರಲ್ಲಿ ಹೇಗೆ, ಯಾಕೆ ಹರಡುತ್ತದೆಂಬ ಅಧ್ಯಯನ) ಮತ್ತು ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶಗಳ ಲೆಕ್ಕ) ಗಟ್ಟಿಯಾಗಿ ಇದೆಯೇ ಎಂದು ನೋಡಿಕೊಳ್ಳಿ. ಉಳಿದ ವಿಷಯಗಳನ್ನು ಓದಿ ಕಲಿಯಬಹುದು, ಇವೆರಡನ್ನು ಯಾರಾದರೂ ಕೂರಿಸಿ ಕಲಿಸಬೇಕು.

ಉತ್ತರ 3: ಗುತ್ತಿಗೆ ಮುಗಿದವನು

ಹಿರಿಯರ ಮಾತುಗಳ ಬಗ್ಗೆ ಗೌರವವಿದೆ. ಆದರೆ ಇಲ್ಲಿಯವರೆಗೆ ಯಾರೂ ಹಣದ ಮಾತು ಎತ್ತಿಲ್ಲ. ಈ ಕ್ಷೇತ್ರದ ಬಹುಪಾಲು ಹುದ್ದೆಗಳು ಪ್ರಾಜೆಕ್ಟಿನ ಹುದ್ದೆಗಳು. ದಾನಿ ಸಂಸ್ಥೆ ಮೂರು ವರ್ಷಕ್ಕೆ ಹಣ ಕೊಡುತ್ತದೆ. ಮೊದಲ ವರ್ಷ ಜನರ ಪರಿಚಯ ಮಾಡಿಕೊಳ್ಳುವುದರಲ್ಲಿ ಕಳೆಯುತ್ತದೆ, ಎರಡನೆಯ ವರ್ಷ ಕೆಲಸ ನಡೆಯುತ್ತದೆ, ಮೂರನೆಯ ವರ್ಷ ಎಲ್ಲರೂ ಮುಂದಿನ ಕೆಲಸ ಹುಡುಕುತ್ತಿರುತ್ತಾರೆ. ನಾನಿದ್ದ ಸಂಸ್ಥೆ ಕ್ಷಯರೋಗಿಗಳನ್ನು ಹುಡುಕಿ ಚಿಕಿತ್ಸೆಗೆ ಹಚ್ಚುವ ಕೆಲಸ ಮಾಡುತ್ತಿತ್ತು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಎರಡು ತಿಂಗಳಲ್ಲಿ ಕೆಮ್ಮು ಇಳಿದು ಮೈಗೆ ಶಕ್ತಿ ಬಂದಾಗ ನಿಲ್ಲಿಸಿಬಿಡುವ ಮನಸ್ಸಾಗುತ್ತದೆ, ನಮ್ಮ ಕೆಲಸ ನಿಜವಾಗಿ ಬೇಕಾಗುವುದು ಆಗಲೇ. ಹಣ ಮುಗಿಯಿತೆಂದು ಸಂಸ್ಥೆ ಹೊರಟಾಗ ಹಲವರು ಚಿಕಿತ್ಸೆಯ ಅರ್ಧದಲ್ಲಿದ್ದರು. ಪಟ್ಟಿಯನ್ನು ಸರ್ಕಾರಿ ಕೇಂದ್ರಕ್ಕೆ ಒಪ್ಪಿಸಿ ಎಂದು ನಾವು ಹೇಳುತ್ತಲೇ ಇದ್ದೆವು. ಅಂತಿಮ ವರದಿ ಹೊಳೆಯುವ ಕಾಗದದಲ್ಲಿ ಮುದ್ರಣವಾಯಿತು, ಪಟ್ಟಿ ಮಾತ್ರ ಕಚೇರಿಯ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ರೋಗಿಗಳು ನಮ್ಮ ಸ್ವಂತ ನಂಬರಿಗೆ ಫೋನ್ ಮಾಡುತ್ತಿದ್ದರು.

ಇನ್ನೂ ಒಂದು ಸಂಗತಿ. ನೀವು ನರ್ಸ್ ಆಗಿರುವುದರಿಂದ ನಿಮಗೆ ಸಂಬಳವೆಂಬುದು ಇರುತ್ತದೆ. ನಿಮ್ಮ ಕೆಳಗೆ ಮನೆ ಮನೆ ಸುತ್ತುವ ಹೆಂಗಸರಿಗೆ ಬಹಳ ಕಡೆ ಅದೂ ಇಲ್ಲ. ನಮ್ಮ ದೇಶದಲ್ಲೇ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಬಂತು, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹತ್ತು ಲಕ್ಷ ಹೆಂಗಸರನ್ನು ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. ಆಗಲೂ ಅವರು ಸ್ವಯಂಸೇವಕಿಯರೆಂದೇ ಎಣಿಕೆ. ಸಿಗುವುದು ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಅದೇ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ, ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲಸದ ಹೊರೆಗೆ ತಕ್ಕ ಹಣ ಕೊಡಬೇಕು, ಲಿಖಿತ ಒಪ್ಪಂದ ಇರಬೇಕು, ಮೇಲೇರುವ ಅವಕಾಶ ಇರಬೇಕು, ಗಳಿಕೆಯ ಬಹುಪಾಲನ್ನು ಗುರಿ ತಲುಪಿದ್ದಕ್ಕೆ ಕೊಡುವ ಪ್ರೋತ್ಸಾಹಧನದ ಮೇಲೆ ನಿಲ್ಲಿಸಬಾರದು ಎಂದು ಶಿಫಾರಸು ಮಾಡಿದೆ. ಎಣಿಕೆಗೆ ಹಣ ಕಟ್ಟಿದರೆ ಎಣಿಕೆಗೆ ಸಿಗುವ ಕೆಲಸ ಮಾತ್ರ ನಡೆಯುತ್ತದೆ. ಹೆರಿಗೆಗೆ ಆಸ್ಪತ್ರೆಗೆ ಕರೆತಂದರೆ ಹಣವಿದೆ, ಗಂಡ ಹೊಡೆಯುತ್ತಾನೆಂದು ಅತ್ತವಳ ಬಳಿ ಒಂದು ಗಂಟೆ ಕುಳಿತರೆ ಇಲ್ಲ.

ಹೋಗಬೇಡಿ ಎನ್ನುತ್ತಿಲ್ಲ. ನಿಮ್ಮ ಮನೆಯ ಖರ್ಚಿನ ಲೆಕ್ಕ ಹಾಕಿ, ಕೆಲಸವಿಲ್ಲದ ಕೆಲವು ತಿಂಗಳಿಗೆ ಆಗುವಷ್ಟು ಹಣ ಇಟ್ಟುಕೊಂಡು, ನರ್ಸಿಂಗ್ ನೋಂದಣಿಯನ್ನು ತಪ್ಪದೆ ನವೀಕರಿಸಿಕೊಳ್ಳುತ್ತ ಹೋಗಿ. ದೊಡ್ಡ ಮನಸ್ಸು ಎಂದು ಹೊಗಳುವವರು ಬಾಡಿಗೆ ಕಟ್ಟಲು ಬರುವುದಿಲ್ಲ. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಒಬ್ಬರೇ ಮನೆ ಭೇಟಿಗೆ ಹೋಗಬೇಕಾದಾಗ ಜೊತೆಗೆ ಯಾರು, ವಾಹನ ಯಾರದ್ದು ಎಂಬುದನ್ನೂ ಸೇರುವ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಅದೇ ಉತ್ತರ.

ಪ್ರಶ್ನೆ ಕೇಳಿದವರು: ವಾರ್ಡ್ ನರ್ಸ್

ಮೂವರಿಗೂ ಕೃತಜ್ಞತೆಗಳು. ಇಷ್ಟು ನೇರವಾದ ಮಾತುಗಳನ್ನು ಮೊದಲ ಬಾರಿಗೆ ಕೇಳುತ್ತಿದ್ದೇನೆ. ಇನ್ನೆರಡು ಅಳುಕುಗಳಿವೆ. ನಾನು ಹೋಗುವ ಕಡೆ ಹೊರಗಿನವಳೇ ಆಗಿರುತ್ತೇನೆ, ಮಾತಿನ ರೀತಿಯೂ ಬೇರೆ, ಉಡುಪೂ ಬೇರೆ. ಅಂಥವಳಿಗೆ ಜನ ಯಾಕೆ ಬಾಗಿಲು ತೆರೆಯಬೇಕು? ಎರಡನೆಯದು, ಮನೆ ಮನೆಗೆ ಹೋಗಿ ಕಾಯಿಲೆ ಹುಡುಕಿ, ಅದಕ್ಕೆ ಚಿಕಿತ್ಸೆ ಹತ್ತಿರದಲ್ಲಿ ಎಲ್ಲೂ ಇಲ್ಲವೆಂದಾದರೆ ಹುಡುಕಿದ್ದರಿಂದ ಯಾರಿಗೆ ಒಳಿತಾಯಿತು?

ಉತ್ತರ 4: ಕಾರ್ಯಕರ್ತೆಯರ ತರಬೇತುದಾರೆ

ಎರಡನೆಯ ಪ್ರಶ್ನೆಗೆ ಮೊದಲು. ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ತಪಾಸಣೆಯ ತತ್ವಗಳಲ್ಲೇ ಇದಕ್ಕೆ ಉತ್ತರವಿದೆ: ರೋಗವನ್ನು ಖಚಿತಪಡಿಸುವ ಮತ್ತು ಚಿಕಿತ್ಸೆ ನೀಡುವ ಏರ್ಪಾಡು ಇರಬೇಕು. ಅದಿಲ್ಲದೆ ಶಿಬಿರ ಹಾಕಿ ನೂರಾರು ಜನರ ಬಿಪಿ, ಸಕ್ಕರೆ ನೋಡಿ, ಚೀಟಿಯಲ್ಲಿ ಅಂಕಿ ಬರೆದು ಕಳುಹಿಸುವುದು ಫೋಟೋಗೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಆ ಚೀಟಿ ಹಿಡಿದು ಹೋದವರು ಭಯವನ್ನು ಮಾತ್ರ ಮನೆಗೆ ಒಯ್ಯುತ್ತಾರೆ, ಮುಂದಿನ ಸಲ ನೀವು ಹೋದಾಗ ಬಾಗಿಲು ತೆರೆಯುವುದಿಲ್ಲ. ನಿಮ್ಮ ಎರಡು ಪ್ರಶ್ನೆಗಳೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ.

ಹಾಗೆಂದು ಚಿಕಿತ್ಸೆ ಬರುವವರೆಗೆ ಕಾಯಿಲೆಯ ಸುದ್ದಿಯೇ ಬೇಡ ಎನ್ನುವಂತಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯೆ ರಾಣಿ ಬಂಗ್ ಮತ್ತು ಜೊತೆಯವರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅವರಲ್ಲಿ ಬಹುತೇಕರು ಅದಕ್ಕಾಗಿ ಹಿಂದೆಂದೂ ಪರೀಕ್ಷೆ ಮಾಡಿಸಿಕೊಂಡವರಲ್ಲ. ಆಗಿನ ಕಾರ್ಯಕ್ರಮಗಳು ಹೆಂಗಸರನ್ನು ಕೇಳುತ್ತಿದ್ದುದು ಬಸಿರು ಮತ್ತು ಕುಟುಂಬ ಯೋಜನೆಯ ಬಗ್ಗೆ ಮಾತ್ರ. ಯಾರೂ ಕೇಳದ್ದರಿಂದ ಇಲ್ಲವೆಂದುಕೊಂಡಿದ್ದ ನೋವು ಅದು. ಹುಡುಕಿ ತೋರಿಸದೆ ಅದಕ್ಕೆ ಚಿಕಿತ್ಸೆಯ ಏರ್ಪಾಡು ಬರುತ್ತಲೂ ಇರಲಿಲ್ಲ. ಅಳೆಯುವ ಮೊದಲು ಏನು ಕೊಡಬಲ್ಲೆವೆಂದು ಜನರಿಗೆ ತಿಳಿಸಿ, ಕೊಡಲಾಗದ್ದನ್ನು ಕೊಡಬಲ್ಲವರ ಮುಂದೆ ಆ ಅಂಕಿಯನ್ನು ಇಟ್ಟು ಜಗ್ಗುವುದು ನಮ್ಮ ಕೆಲಸದ ಭಾಗ.

ಇನ್ನು ಹೊರಗಿನವರ ಪ್ರಶ್ನೆ. ರಜನಿಕಾಂತ್ ಮತ್ತು ಮೇಬಲ್ ಆರೋಳೆ ಎಂಬ ವೈದ್ಯ ದಂಪತಿ 1970ರಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಕೆಲಸ ಆರಂಭಿಸಿದಾಗ ಬರ ಬಡಿದಿದ್ದ ಆ ಸೀಮೆಯ ಜನರಿಗೆ ಮೊದಲು ಬೇಕಾಗಿದ್ದುದು ನೀರು ಮತ್ತು ಅನ್ನ. ಆ ಕೆಲಸಕ್ಕೆ ಕೈ ಜೋಡಿಸಿದ ಮೇಲೆಯೇ ಆರೋಗ್ಯದ ಮಾತಿಗೆ ಕಿವಿ ಸಿಕ್ಕಿತು. ಮುಂದೆ ಅವರು ಹಳ್ಳಿಯವರೇ ಆರಿಸಿದ ಹೆಂಗಸರಿಗೆ ತರಬೇತಿ ಕೊಟ್ಟರು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ, ಹಲವರು ದಲಿತರು. ಗಡಚಿರೋಲಿಯ 39 ಹಳ್ಳಿಗಳಲ್ಲಿ ಇಂಥ ಹೆಂಗಸರೇ ಬಾಣಂತಿಯ ಮನೆಗೆ ಹೋಗಿ ಹಸುಗೂಸನ್ನು ತೂಗಿ, ನಂಜಿನ ಲಕ್ಷಣ ಕಂಡರೆ ಇಂಜೆಕ್ಷನ್ ಕೊಡುವುದನ್ನೂ ಕಲಿತರು. ಅಲ್ಲಿ ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳೊಂದಿಗೆ ನೋಡಿದಾಗ, ನೂರಕ್ಕೆ 62ರಷ್ಟು ಇಳಿದಿತ್ತೆಂದು 1999ರ ಲ್ಯಾನ್ಸೆಟ್ ವರದಿ ಹೇಳುತ್ತದೆ. ಬಾಗಿಲು ತೆರೆಸುವ ಕೆಲಸ ನಿಮ್ಮದಾಗಬೇಕಿಲ್ಲ ಎಂಬುದು ನಾನು ಇದರಿಂದ ತಿಳಿದದ್ದು. ಯಾರಿಗೆ ಆ ಬಾಗಿಲು ಈಗಾಗಲೇ ತೆರೆದಿದೆಯೋ ಅವಳ ಕೈಗೆ ನಿಮ್ಮ ವಿದ್ಯೆಯನ್ನು ದಾಟಿಸಿ, ಅವಳು ಅಳುಕಿದಾಗ ಹಿಂದೆ ನಿಲ್ಲುವುದು ನಿಮ್ಮದು. ಇದು ನರ್ಸುಗಳಿಗೆ ಸುಲಭವಲ್ಲ, ಸ್ವತಃ ಮಾಡಿ ಮುಗಿಸುವ ಅಭ್ಯಾಸ ನಮಗೆ.

ಹೀಗೆ ವಿದ್ಯೆ ದಾಟಿಸಿದ್ದಕ್ಕೆ ಇನ್ನೊಂದು ಉದಾಹರಣೆ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಯ ಮನೆಯವರೇ ಕುಡಿಸುವಂತೆ ಮಾಡಿದರು. ಸಾವಿನ ಪ್ರಮಾಣ ನೂರಕ್ಕೆ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಯಿತು. ಬಳಿಕ 1980ರಿಂದ ಹತ್ತು ವರ್ಷ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಂಗಸರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರ ಕೈಯಲ್ಲೇ ಮಾಡಿಸಿ ಕಲಿಸಿದರು. ಗುತ್ತಿಗೆ ಮುಗಿದ ಗೆಳೆಯರಿಗೆ ಇಲ್ಲೊಂದು ಸಣ್ಣ ತಕರಾರು ಹೇಳಬೇಕು: ಆ ಹೆಂಗಸರಿಗೂ ಹಣ ಕೊಟ್ಟದ್ದು ಫಲಿತಾಂಶದ ಮೇಲೆಯೇ. ಆದರೆ ಎಷ್ಟು ಮನೆ ಸುತ್ತಿದಿರಿ ಎಂದು ಕೇಳಲಿಲ್ಲ. ಬೇರೆಯವರು ಆಮೇಲೆ ಹೋಗಿ, ತಾಯಿಗೆ ಎಷ್ಟು ನೆನಪಿದೆ, ಸರಿಯಾಗಿ ಬೆರೆಸಬಲ್ಲಳೇ ಎಂದು ಪರೀಕ್ಷಿಸಿ ಅದರಂತೆ ಕೊಟ್ಟರು. ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಉಳಿದಂತೆ ನಿಶ್ಚಿತ ಸಂಬಳ ಇರಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಉತ್ತರ 5: ನಿವೃತ್ತ ಕ್ಷೇತ್ರ ಮೇಲ್ವಿಚಾರಕ

ಸಂಸ್ಥೆಯನ್ನು ಗುರುತಿಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆ ಹಾಗೇ ಉಳಿದಿದೆ. ಸಂದರ್ಶನದ ಕೋಣೆಯಲ್ಲಿ ಅದು ತಿಳಿಯುವುದಿಲ್ಲ. ಒಂದು ದಿನ ಮನೆ ಭೇಟಿಗೆ ಹೋಗುವ ಕಾರ್ಯಕರ್ತೆಯ ಜೊತೆ ಕಳುಹಿಸಿ ಎಂದು ಕೇಳಿ. ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಒಪ್ಪಿದರೆ ಅವಳ ರಿಜಿಸ್ಟರ್ ನೋಡಿ: ಎಲ್ಲ ಸಾಲುಗಳೂ ಒಂದೇ ಪೆನ್ನಿನಲ್ಲಿ, ಒಂದೇ ದಿನ ಕುಳಿತು ಬರೆದಂತೆ ನೀಟಾಗಿದ್ದರೆ ಅದು ತಪಾಸಣೆಗೆ ಬಂದವರಿಗಾಗಿ ಬರೆದದ್ದು. ಹೊಡೆದುಹಾಕಿ ತಿದ್ದಿದ ತಾರೀಖು, ಅಂಚಿನಲ್ಲಿ ಬರೆದುಕೊಂಡ ಫೋನ್ ನಂಬರು, ತವರಿಗೆ ಹೋಗಿದ್ದಾಳೆ ಎಂಬಂಥ ಟಿಪ್ಪಣಿ ಇದ್ದರೆ ಅದು ಬಳಕೆಯಲ್ಲಿದೆ. ಕಳೆದ ವರ್ಷ ನಿಮ್ಮ ಮನೆಗಳಲ್ಲಿ ಯಾರು ಯಾರು ತೀರಿಕೊಂಡರು ಎಂದು ಅವಳನ್ನು ಕೇಳಿ ನೋಡಿ. ಪುಟ ತಿರುಗಿಸದೆ ಹೆಸರು ಹಿಡಿದು ಹೇಳಿದರೆ ಅಲ್ಲಿ ಕೆಲಸ ನಡೆಯುತ್ತಿದೆ.

ಸಂಸ್ಥೆಯ ಮುಖ್ಯಸ್ಥರನ್ನು ಕೇಳಬೇಕಾದದ್ದು ಬೇರೆ. ಇಲ್ಲಿ ಒಂದು ಸಾವಾದರೆ ಅದರ ಬಗ್ಗೆ ಯಾರು ಯಾರು ಕುಳಿತು ಮಾತನಾಡುತ್ತೀರಿ, ಅದರಿಂದ ಈಚೆಗೆ ಏನನ್ನು ಬದಲಾಯಿಸಿದಿರಿ ಎಂದು ಕೇಳಿ. ನನ್ನ ಮೇಲ್ವಿಚಾರಕರು ತಿಂಗಳಿಗೆ ಎಷ್ಟು ಸಲ ನನ್ನ ಜೊತೆ ಮನೆಗಳಿಗೆ ಬರುತ್ತಾರೆ ಎಂದೂ ಕೇಳಿ. ಈ ಕೆಲಸದಲ್ಲಿ ಜನ ಬಳಲಿ ಬಿಟ್ಟುಹೋಗಲು ಬಿಸಿಲಿಗಿಂತ ದೊಡ್ಡ ಕಾರಣ, ಕಂಡದ್ದನ್ನು ಹೇಳಿಕೊಳ್ಳಲು ಮೇಲೆ ಯಾರೂ ಇಲ್ಲದಿರುವುದು. ಪ್ರಾಜೆಕ್ಟ್ ಮುಗಿದ ದಿನ ರೋಗಿಗಳ ಪಟ್ಟಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆದಿದೆಯೇ ಎಂದು ಕೊನೆಯದಾಗಿ ವಿಚಾರಿಸಿ. ರಜೆ ಹಾಕಿ ಎರಡು ಮೂರು ಕಡೆ ಹೀಗೆ ಹೋಗಿ ಬನ್ನಿ, ಅಲ್ಲಿಯವರೆಗೆ ಆಸ್ಪತ್ರೆಗೆ ರಾಜೀನಾಮೆ ಕೊಡಬೇಡಿ.